ಅಂಬಾಡಿಯ ಡಬ್ಬಿ

ಪಳ್ಳಿಕ್ಕೆರೆಯ ರೈಲ್ವೆ ಗೇಟು ಬಿದ್ದರೆ
ನನ್ನ ಕ್ಷೌರದಂಗಡಿಗೆ ಒಂದು ಸಭೆ.
ಹಡಗಿನಿಂದ ರಜೆಗೆ ಬಂದ ಅಂಬಾಡಿ
ಟಕ್ಕನೆ ತೆರೆದ ತಗಡಿನ ಡಬ್ಬಿ:
ವರ್ಜೀನಿಯಾ. ಮೈಲ್ಡು.
ಒಣಗಿದ ನಿಂಬೆಸಿಪ್ಪೆ ಬಣ್ಣದ ಎಳೆಗಳು.

ಇದ್ದದ್ದು ಒಂದೇ ಪೈಪು. ಬಾಯಿಂದ ಬಾಯಿಗೆ
ಒರೆಸಿ ಕೊಟ್ಟದ್ದು ನನ್ನ ಟವೆಲಿನಲ್ಲಿ.

"ಬೈಹುಲ್ಲು," ಅಂದರು ಮಹಾಲಿಂಗ ಮಾಷ್ಟ್ರು,
"ಅದೂ ದನ ತಿಂದು ಬಿಟ್ಟದ್ದು."
"ಅಲ್ಲ, ಜೇನು," ಉಪೇಂದ್ರ ಪೈಗಳು ಕಣ್ಣುಮುಚ್ಚಿ,
"ಎರಡನೇ ದಮ್ಮಿಗೆ ಬರ್ತದೆ, ತಡೀರಿ."
ಪೈಗಳಿಗೆ ಸಕ್ಕರೆ ಕಾಯಿಲೆ,
ಸಿಹಿ ಎಲ್ಲಿ ಅಡಗಿದ್ದರೂ ಸಿಕ್ಕಿಬೀಳುತ್ತದೆ.
ಬೀಡಿ ಕಟ್ಟುವ ಅಂದುಂಞಿಗೆ ಕೆಮ್ಮೇ ಬರಲಿಲ್ಲ,
ಅದೇ ಅವನ ದೂರು: "ಚಪ್ಪೆ!
ಯಾರದೋ ಮನೆಯ ಒಲೆಗೆ ನಾವು ಊದಿದ ಹಾಗೆ."
ನನಗೆ ಇಸ್ತ್ರಿ ಅಂಗಡಿಯ ವಾಸನೆ ಬಂತು.
ಹೇಳಲಿಲ್ಲ. ಗಿರಾಕಿಗಳ ಜಗಳದಲ್ಲಿ
ಕತ್ತರಿ ಮಾತ್ರ ಮಾತಾಡಬೇಕು.

ಗೂಡ್ಸು ಹೋಯಿತು. ಗೇಟು ಎದ್ದಿತು. ಇವರು ಏಳಲಿಲ್ಲ.

ಹೊಗೆಸೊಪ್ಪಿನ ಗದ್ದೆಗೆ ಹೊರಟಿದ್ದ ಚಿರುತೆ
ಎರಡೂ ಕೊಡ ಮೆಟ್ಟಿಲಲ್ಲಿಟ್ಟು
ಚಿಟಿಕೆ ತಿಕ್ಕಿ, ಮೂಸಿ,
ದವಡೆಗೆ ಒತ್ತಿ, ಉಗಿದಳು.
"ಬೂತಾಯಿ ಗೊಬ್ಬರ ಹಾಕಿಲ್ಲ ಇದಕ್ಕೆ.
ಹೊಯಿಗೆ ಕಂಡದ್ದಲ್ಲ.
ಯಾರ ಸೊಂಟವೂ ನೋಯದೆ ಬೆಳೆದ ಸೊಪ್ಪು."

ಅಂಬಾಡಿ ಪೈಪಿನ ಬೂದಿ ಕೊಡವಿದ:
"ಅದಕ್ಕೇ ಕೊಂಡದ್ದು, ಅಕ್ಕ.
ಎಂಜಿನ್ ರೂಮಿನ ರಾತ್ರಿಪಾಳಿಗೆ
ಊರು ನೆನಪಾಗದ ಒಂದು ಹೊಗೆ ಬೇಕಿತ್ತು."

ಯಾರೂ ಮಾತಾಡಲಿಲ್ಲ. ಪೈಗಳೂ.

ಚಿರುತೆ ಕೊಡ ಎತ್ತಿಕೊಂಡು, ತಿರುಗಿ,
"ಖಾಲಿಯಾದ ಮೇಲೆ ಡಬ್ಬಿ ನನಗೆ ಕೊಡು," ಅಂದಳು.
"ಮುಚ್ಚಳ ಗಟ್ಟಿಯುಂಟು.
ನನ್ನ ಸೊಪ್ಪು ಇಡಲಿಕ್ಕಾಯಿತು."