ನುಣುಪು ಯಾವ ಕಡೆ

ಅಂಕೋನಾದ ಆಸ್ಪತ್ರೆ, ಮೂರನೇ ಮಹಡಿ, ಕತ್ತಲೆ ಕೋಣೆ.
ಎಡಮಗ್ಗುಲಿಗೆ ಹೊರಳಿ ಎಂದೆ. ಹೊರಳಿದ ನಜ್ಜರೇನೋ,
ಎಪ್ಪತ್ತಾರರ ಮುದುಕ, ಉಗುರ ಸಂದಿಯಲ್ಲಿ ಜೇನುಮೇಣ.
ಹೊಟ್ಟೆ ಅವನಿಗಿಂತ ಅರೆಗಳಿಗೆ ತಡವಾಗಿ ಹೊರಳಿತು.

ಜೆಲ್ಲು ತಣ್ಣಗಿದೆಯೆಂದು ಬೈದ.
ಪರದೆಯ ಮೇಲೆ ಬೂದು ಮಂಜು,
ಮಂಜಿನೊಳಗೆ ಮೂರೆಸಳಿನ ಬಾಗಿಲು.
ತೆರೆಯಬೇಕು, ತೆರೆಯುತ್ತಿಲ್ಲ, ಅಲುಗುತ್ತದೆ ಅಷ್ಟೆ,
ತುಕ್ಕು ಹಿಡಿದ ಚಿಲಕವನ್ನು
ಒಳಗಿನಿಂದ ಯಾರೋ ತಳ್ಳಿದ ಹಾಗೆ.

ಸದ್ದು ಹಾಕಿದೆ.
ಸಂದಿಯಲ್ಲಿ ನುಗ್ಗುವ ರಕ್ತ, ಸೆಕೆಂಡಿಗೆ ನಾಲ್ಕೂವರೆ ಮೀಟರು.
ಕಣ್ಣು ಮುಚ್ಚಿ ಕೇಳಿದ. ಹುಬ್ಬು ಗಂಟಿಕ್ಕಿದ.
"ತೊಗಲು ಸೆಟೆದಿದೆ" ಅಂದ.
ನಾನಿನ್ನೂ ಏನೂ ಹೇಳಿರಲಿಲ್ಲ.

ಐವತ್ತೆರಡು ವರ್ಷ, ಕಾಸ್ತೆಲ್‌ಫಿದಾರ್ದೋದಲ್ಲಿ
ಅಕಾರ್ಡಿಯನ್ ರಿಪೇರಿ ಅವನ ಕಸುಬು.
ಉಕ್ಕಿನ ಪ್ರತಿ ನಾಲಿಗೆಯ ಬೆನ್ನಿಗೂ
ಮೇಕೆಮರಿಯ ತೊಗಲಿನದೊಂದು ಪಟ್ಟಿ, ಕಿರುಬೆರಳಿಗಿಂತ ಸಣ್ಣದು.
ತಿದಿ ಎಳೆದಾಗ ಒಂದು ಮುಚ್ಚಿ, ಒತ್ತಿದಾಗ ಇನ್ನೊಂದು,
ಗಾಳಿಗೆ ದಾರಿ ಹೇಳುವುದು ಅದೇ.
ಒಣಗಿದರೆ ಸುರುಳಿ. ಸೆಟೆದರೆ ಸ್ವರ ತಡ.
"ಕೇಳೋರಿಗೆ ಗೊತ್ತಾಗಲ್ಲ.
ನುಡಿಸೋನ ತೋಳಿಗೆ ಮೊದಲು ಗೊತ್ತಾಗುತ್ತೆ."

ಅವನ ತೋಳಿಗೂ ಗೊತ್ತಾಗಿತ್ತು, ಚಳಿಗಾಲದಿಂದ.
ಹನ್ನೊಂದು ಕಿಲೋ ಪೆಟ್ಟಿಗೆ ಹೊತ್ತು ಮೆಟ್ಟಿಲೇರುವಾಗ
ನಡುವೆ ನಿಂತು ಸಮುದ್ರ ನೋಡುವ ನೆಪ.
ಮಾರ್ಚ್‌ನಲ್ಲಿ ನೆಪ ಸಾಲದೆ ಬಿದ್ದ.

"ಯಾಕೆ ಹೀಗೆ?"
ಅದು ಡಾಕ್ಟರಿಗೆ ಬಿಡಬೇಕಾದ ಮಾತು. ಬಿಡಲಿಲ್ಲ.
ಬೆಂಕಿ, ನಜ್ಜರೇನೋ. ಜ್ವರ ತೋರದ ಬೆಂಕಿ.
ಉರಿಯೂತ ಅನ್ನುತ್ತೇವೆ; ನಿಮಗೆ ಉರಿಯೂ ಕಾಣಲಿಲ್ಲ, ಊತವೂ ಕಾಣಲಿಲ್ಲ,
ಬೂದಿ ಮುಚ್ಚಿದ ಕೆಂಡ ಇಪ್ಪತ್ತು ವರ್ಷ.
ಹೊಟ್ಟೆಯ ಆ ಕೊಬ್ಬು ಸುಮ್ಮನೆ ಕೂರುವ ಜಾತಿಯಲ್ಲ,
ರಕ್ತದ ಕಿವಿಯಲ್ಲಿ ಹಗಲಿರುಳು ಚಾಡಿ ಹೇಳುತ್ತದೆ.
ಸಕ್ಕರೆ ಹೋಗಬೇಕಾದ ಮನೆಗೆ ಹೋಗದೆ ಬೀದಿ ಸುತ್ತುತ್ತದೆ.
ಎಸಳಿನ ಮೇಲ್ಪದರ ಸವೆದಲ್ಲಿ ಜಿಡ್ಡು ನುಸುಳಿತು.
ಜಿಡ್ಡು ಹಿಡಿಯಲು ಕಾವಲಿನ ಬಿಳಿಕಣಗಳು ಬಂದವು,
ಬಂದವು ಹಿಂದಿರುಗಲಿಲ್ಲ,
ಅಲ್ಲೇ ಒಲೆ ಹೂಡಿದವು.
ಕೊನೆಗೆ ಎಸಳಿನ ಜೀವಕೋಶಕ್ಕೇ ದಿಕ್ಕು ತಪ್ಪಿತು:
ಇಷ್ಟು ಗದ್ದಲವೆಂದರೆ ಏನೋ ಮುರಿದಿರಬೇಕು
ಎಂದುಕೊಂಡು ಎಲುಬು ಕಟ್ಟತೊಡಗಿತು,
ಕಾಳು ಕಾಳಾಗಿ ಸುಣ್ಣ.
ಒಳ್ಳೆಯ ಕೆಲಸವೇ. ಮನೆ ತಪ್ಪು.

"ಎದೆಯಲ್ಲಿ ಮೂಳೆ" ಎಂದು ನಕ್ಕ.
"ಎಲ್ಲ ಆ ಚೌಸ್ಕೊಲೊ ಸಾಸೇಜಿನಿಂದ,
ಕಾಫಿಗೆ ಹುಯ್ದುಕೊಂಡ ಮಿಸ್ತ್ರಾದಿಂದ?"
ಒಂದರ ತಲೆಗೇ ಕಟ್ಟಲಾರೆ.
ವಯಸ್ಸಿದೆ, ಅಪ್ಪ ಕೊಟ್ಟ ರಕ್ತವಿದೆ,
ಬೆಂಚಿಗಂಟಿ ಕೂತ ಅರ್ಧ ಶತಮಾನವಿದೆ.
ಹೋದ ವಾರ ಇದೇ ಮಂಚದಲ್ಲಿ ಕಡ್ಡಿಯಂಥ ಸನ್ಯಾಸಿನಿ,
ಜೀವಮಾನವಿಡೀ ಉಪವಾಸ. ಅವರದೂ ಕಲ್ಲು.

"ಮಾತ್ರೆ?"
ಕಟ್ಟಿದ ಸುಣ್ಣ ಕರಗಿಸುವ ಮಾತ್ರೆಯಿಲ್ಲ.
ತೊಡೆಸಂದಿಯಿಂದ ಕೊಳವೆ ಏರಿಸಿ
ಮಡಚಿದ ಹೊಸ ಕವಾಟವನ್ನು ಅಲ್ಲೇ ಬಿಚ್ಚುತ್ತಾರೆ.
ಹಸುವಿನ ಹೃದಯದ ಹೊದಿಕೆಯಿಂದ ಮಾಡಿದ್ದು.

ಎದ್ದು ಕೂತ. ಎದೆಯಿಂದ ಜೆಲ್ಲು ಇಳಿಯುತ್ತಿತ್ತು.
"ಹದ ಮಾಡಿದ್ದು ಯಾರು? ದಪ್ಪ ಎಷ್ಟು?
ನುಣುಪು ಯಾವ ಕಡೆ, ಹರಿವಿನ ಕಡೆಯೋ, ಬೆನ್ನಿಗೋ?"

ಹದಿನೇಳು ವರ್ಷದಿಂದ ಕವಾಟ ಅಳೆಯುತ್ತಿದ್ದೇನೆ.
ನನಗೆ ಗೊತ್ತಿರಲಿಲ್ಲ.

ಟಿಶ್ಯೂ ಕೊಟ್ಟೆ. ಒರೆಸಿಕೊಂಡು, ಗುಂಡಿ ಹಾಕುತ್ತ,
"ಅದೂ ಒಂದಿನ ಸೆಟೆಯುತ್ತೆ, ಅಲ್ವಾ?"
ಹತ್ತು ವರ್ಷ. ಹದಿನೈದೂ ಆಗಬಹುದು.
"ಪರವಾಗಿಲ್ಲ. ನನ್ನ ಕೆಲಸಕ್ಕೆ
ಅಷ್ಟು ಗ್ಯಾರಂಟಿ ನಾನು ಕೊಟ್ಟಿದ್ದಿಲ್ಲ."

ವರದಿಯಲ್ಲಿ ಅಂಕಿಗಳನ್ನು ತುಂಬಿದೆ:
ವೇಗ, ಒತ್ತಡ, ಬಾಗಿಲ ಸಂದಿನ ಅಗಲ.
ಷರಾ ಎಂಬ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು.
ಬರೆದೆ: ನುಣುಪು ಯಾವ ಕಡೆ ಎಂದು ರೋಗಿ ಕೇಳುತ್ತಾರೆ.
ಅಳಿಸದೆ ಕಳಿಸಿದೆ.