ಒಂಬತ್ತು ಅಡಿ ನಾಲ್ಕು ಅಂಗುಲ

ಏಣಿ ಹಿಡಿದು ನಿಂತವಳು ನಾನು, ಅದಕ್ಕೇ ಹೇಳುತ್ತೇನೆ.
ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಯಾರ್ಕ್‌ಟನ್ನಿನ ಗಾಲ್ಫ್ ಮೈದಾನ
ನವೆಂಬರಿನಲ್ಲೇ ಹಿಮದಡಿ ಹೋಗಿ
ಯಾವ ಕುಳಿ ಎಲ್ಲಿತ್ತೆಂದು ಈಗ ನರಿಗೂ ತಿಳಿಯದು.

ಹಳೆಯ ಪಿಕಪ್ ಮಾರಿದ ಮೇಲೆ ಖಾಲಿ ಬಿದ್ದ ಗ್ಯಾರೇಜಿನಲ್ಲಿ
ಓರೆಸ್ಟ್ ಬೇಸಿಗೆ ಕಟ್ಟುತ್ತಿದ್ದಾನೆ.
ಬಾಗಿಲು ಮೇಲೇರುವ ಕಂಬಿಯನ್ನು ಬಿಚ್ಚಿಟ್ಟ.
ಇನ್ನು ಬಾಗಿಲು ತೆಗೆಯುವ ಹಾಗಿಲ್ಲ,
ತೆಗೆದರೂ ಏಪ್ರಿಲ್ ತನಕ ಯಾರು ಬರುತ್ತಾರೆ.
ಗೋಡೆಯಿಂದ ಒಂದಡಿ ಬಿಟ್ಟು ಪರದೆ,
ಚೆಂಡು ಬಡಿದಾಗ ಹಿಂದಕ್ಕೆ ಉಬ್ಬಲು ಜಾಗ ಬೇಕಂತೆ.
ಪರದೆಯಿಂದ ಹನ್ನೆರಡು ಅಡಿಗೆ ಹಸಿರು ಚಾಪೆ.
ಸೂರು, ಒಂಬತ್ತು ಅಡಿ ನಾಲ್ಕು ಅಂಗುಲ.

ಮೊದಲು ತಂದದ್ದು ಚರ್ಚಿನ ಹಳೆಯ ಪ್ರೊಜೆಕ್ಟರು.
ಊರಲ್ಲಿ ಸತ್ತವರನ್ನೆಲ್ಲ ಇಪ್ಪತ್ತು ವರ್ಷ
ಒಬ್ಬೊಬ್ಬರಾಗಿ ಗೋಡೆಗೆ ಎತ್ತಿ ಸುಸ್ತಾದದ್ದು.
ಹನ್ನೊಂದು ಅಡಿ ಅಗಲದ ಚಿತ್ರ ಬೇಕಾದರೆ
ಹದಿನಾರೂವರೆ ಅಡಿ ಹಿಂದೆ ಸರಿ ಎನ್ನುತ್ತಿತ್ತು.
ಸರಿಸಿದ. ಹಚ್ಚಿದ.
ಹುಲ್ಲಿನ ನಟ್ಟನಡುವೆ
ಇವನದೇ ನೆರಳು, ಟೋಪಿ ಸಮೇತ, ಎತ್ತಿನಷ್ಟು ದಪ್ಪ.
ಹೊಡೆದ ಚೆಂಡೆಲ್ಲ ಅದರ ಹೊಟ್ಟೆಗೇ.
"ಕೊನೆಗೂ ಗುರಿ ಸಿಕ್ಕಿತು" ಅಂದೆ.
ನಗಲಿಲ್ಲ.

ಹತ್ತಿರದಿಂದಲೇ ಬೆಳಕು ಹರಡುವ ಹೊಸದು ರೆಜೈನಾದಿಂದ ಬಂತು.
ಪರದೆಗೆ ಏಳಡಿ ಎಂಟಂಗುಲ. ಅಂದರೆ
ಆಡುವವನ ಮುಂದೆ, ತಲೆಗಿಂತ ಮೇಲೆ,
ಕೋಲು ಬೀಸಿ ಮುಗಿಯುವ ದಾರಿಗೆ ತೀರ ಹತ್ತಿರ.
ಪೊರಕೆಯ ಹಿಡಿಗೆ ಸೀಮೆಸುಣ್ಣ ಕಟ್ಟಿ ಬೀಸಿದ.
ಭುಜದ ಆಪರೇಷನ್ ಆದಮೇಲೆ ಅವನ ಬೀಸು ಗಿಡ್ಡ.
ಸೂರಿಗೆ ಗೆರೆ ಬೀಳಲಿಲ್ಲ, ಐದು ಅಂಗುಲ ಮಿಕ್ಕಿತು.
ತುಸು ಬಲಕ್ಕೆ ತೂಗುಹಾಕಿದರೆ ಆಯಿತು ಅಂತ
ಎರಡು ತೂತು ಕೊರೆದೇಬಿಟ್ಟ.

ಶನಿವಾರ ಕಲೀನಾ ಬಂದಳು.
ಮೊಮ್ಮಗಳು ಎಡಚಿ ಎಂಬುದು
ಹದಿನೈದು ವರ್ಷದಿಂದ ನಮಗೆ ಗೊತ್ತು,
ಟೇಪಿಗೆ ಗೊತ್ತಿರಲಿಲ್ಲ.
ಚೆಂಡಿನ ಆಚೆ ಬದಿಗೆ ನಿಂತು ಪೊರಕೆ ಬೀಸಿದಳು.
ಸುಣ್ಣ ಸೂರನ್ನು ಗೀಚಿತು, ಒಂದು ಬಿಳಿ ಹುಬ್ಬು.
ಓರೆಸ್ಟ್ ಆ ಹುಬ್ಬನ್ನೇ ನೋಡುತ್ತ ನಿಂತ.
"ಇನ್ನೂ ಬೆಳೀತೀಯಾ?"
"ನನ್ನನ್ನು ಕೇಳಿದರೆ?" ಅಂದಳು, ಬಾಯ್ತುಂಬ ಪಿರೊಹಿ.

ಸೂರು ಇದ್ದಷ್ಟು ಕೋಲು ಬೀಸು
ಅಂತ ಹೇಳಿಬಿಡಬಹುದಿತ್ತು ಅವಳಿಗೆ.
ನನ್ನ ಅಪ್ಪ ನನಗೆ ಹೇಳುತ್ತಿದ್ದದ್ದೂ ಅದನ್ನೇ,
ಬೇರೆ ಮಾತಿನಲ್ಲಿ, ಬೇರೆ ಸೂರಿನ ಕೆಳಗೆ.
ಇವನು ಗರಗಸ ತಂದ.
ತೊಲೆಗಳು ಪರದೆಯ ಕಡೆಗೇ ಓಡುತ್ತಿದ್ದದ್ದು ಪುಣ್ಯ.
ಎರಡರ ನಡುವಿನ ಹಲಗೆ ಕೊಯ್ದು,
ಗುಲಾಬಿ ಬಣ್ಣದ ಬೆಚ್ಚನೆಯ ಅರಳೆ ಕಿತ್ತು,
ಹತ್ತು ಅಂಗುಲ ಆಕಾಶ ಮಾಡಿದ.
ಪ್ರೊಜೆಕ್ಟರು ನಟ್ಟನಡುವೆ ಹೋಯಿತು,
ಬಲಗೈಗೂ ಎಡಗೈಗೂ ಅಷ್ಟಷ್ಟೇ ದೂರ.
ಆ ಎರಡು ತಪ್ಪು ತೂತು ಹಾಗೇ ಇವೆ.
"ಚಳಿ ಇಳಿಯುತ್ತಲ್ಲ" ಅಂದೆ.
"ಇಳೀಲಿ."

ಭಾನುವಾರ ಬೆಳಗ್ಗೆ ಆ ಪೊಳ್ಳಿನೊಳಗೆ
ಒಂದೊಂದು ಮೊಳೆಗೂ ಮಂಜಿನ ಟೋಪಿ.
ಪರದೆಯ ಮೇಲೆ ಜುಲೈ, ಎಲ್ಲಿಯದೋ, ಸಮುದ್ರ ಕಾಣುತ್ತಿತ್ತು.
ಕಲೀನಾ ಕೋಲೆತ್ತಿದಳು, ಪೂರ್ತಿ.
ಏನಕ್ಕೂ ತಾಗಲಿಲ್ಲ.
ಬೀಸಿದ ಗಾಳಿಗೆ ಮೇಲಿನ ಮಂಜು ಉದುರಿ
ಬೆಳಕಿನಲ್ಲಿ ಒಂದು ಸುತ್ತು ತಿರುಗಿತು,
ಹಸಿರಿನ ಮೇಲೆ ಅದರ ನೆರಳು ಚುಕ್ಕಿ ಚುಕ್ಕಿ.
ಓರೆಸ್ಟ್ ಗುಡಿಸಲು ಪೊರಕೆ ಹುಡುಕಿದ.
ಅದರ ಹಿಡಿಗೆ ಸುಣ್ಣ ಇನ್ನೂ ಕಟ್ಟಿಯೇ ಇತ್ತು.