ಎರಡು ಹೆಜ್ಜೆಯ ಕುದುರೆ

ಗಾಜಿನ ಪೆಟ್ಟಿಗೆಯ ಮೇಲೆ ಹಸಿರು ಬನಾತಿನ ಚೂರು,
ಅದರ ಮೇಲೆ ಸಾಲಾಗಿ ಮೂರು ಕುದುರೆ.
ಬೆರಳುದ್ದದವು. ಒಂದಕ್ಕೆ ಚಿನ್ನದ ಬಣ್ಣ,
ಒಂದರ ನಾಲಗೆ ರೂಲುದೊಣ್ಣೆಯಂತೆ ನೆಟ್ಟಗೆ,
ಇನ್ನೊಂದು ಬರೀ ಕಪ್ಪು.
ಹೊರಗೆ ಮೊಂಟಾನಾದ ಮಾರ್ಚಿ. ಗಾಳಿ
ಅಂಗಡಿಯ ಬೋರ್ಡನ್ನು ಜಗ್ಗುತ್ತದೆ, ಬಿಡುತ್ತದೆ, ಜಗ್ಗುತ್ತದೆ.

"ಹಳೆಯದಕ್ಕೇನು ಕೊರತೆ?" ವೆಂಡೆಲ್ ಕ್ರಾಟ್ಸ್
ಕನ್ನಡಕದ ಮೇಲಿಂದ ಕೇಳಿದ.
"ಅನ್ನುವುದಕ್ಕೇನಿದೆ, ಮರಳು" ಎಂದಳು ಸಿಗ್ನೆ ಟ್ವೆಟ್.
"ಎಳೆದರೆ ಕರಕರ, ನಿಂತಿತೆನ್ನುವಷ್ಟರಲ್ಲಿ ಮತ್ತೆ ಕರಕರ.
ಯಾವಾಗ ಸಿಡಿದೀತೋ ಅದಕ್ಕೇ ಗೊತ್ತಿಲ್ಲ."

ಕೊಕ್ಕೆತಕ್ಕಡಿ ಸಿಕ್ಕಿಸಿ ಜಗ್ಗಿದ. ಏಳು ಪೌಂಡು ಚಿಲ್ಲರೆ.
ಅವಳಿ ಕುರಿಮರಿಯಲ್ಲಿ ಸಣ್ಣದರ ತೂಕ, ಅಂದುಕೊಂಡಳು;
ಅವಳಿಗೆ ಬೇರೆ ತಕ್ಕಡಿ ಗೊತ್ತಿಲ್ಲ.

ಎಳೆದಷ್ಟು ಸಲ ಒಂದೊಂದೇ ಗುಂಡು ಉಗುಳುವ ಕರಿ ರೈಫಲ್ಲು
ಎರಡು ಪಿನ್ನು ಕಿತ್ತೊಡನೆ ಬಾಯಿ ತೆರೆಯಿತು.
ಲಾಯ ಖಾಲಿ.

ಬೆರಳಿನ ಸಂಗತಿ ಅವಳು ಎತ್ತಲಿಲ್ಲ. ಅವನು ಕಂಡಿದ್ದ:
ಬಲಗೈಯ ತೋರುಬೆರಳು, ತುದಿ ಮೇಣದಂತೆ ಬಿಳಿ.
ಎರಡು ಚಳಿಗಾಲದ ಹಿಂದೆ. ಗೇಟಿನ ಸರಪಳಿ, ಮರೆತ ಕೈಗವಸು.

"ಇದು ಎರಡೂವರೆ ಪೌಂಡು. ಸ್ಪರ್ಧೆಯ ಹುಡುಗರು
ಇದಕ್ಕೆ ಪ್ರಾಣ ಬಿಡುತ್ತಾರೆ." ಚಿನ್ನದ್ದನ್ನು ಕೂರಿಸಿದ.
ಗುಂಡಿನ ಮನೆ ಖಾಲಿಯೆಂದು ಇಬ್ಬರೂ ಬಗ್ಗಿ ನೋಡಿ
ಮೂಲೆಯ ಮರಳುಪೀಪಾಯಿಗೆ ಗುರಿ ಹಿಡಿದು
ಮುಟ್ಟಿದಳೋ ಇಲ್ಲವೋ,
ಟಕ್.
ಅವಳಿಗಿಂತ ಮೊದಲೇ ಹೊರಟಿತ್ತು.

ಇಂಥವನ್ನು ಅವಳು ಬಲ್ಲಳು. ರಿಕಾಪಿಗೆ ಕಾಲಿಡುವ ಮೊದಲೇ
ಓಟ ಕಿತ್ತ ಕೆಂಚು ಹೆಣ್ಣುಕುದುರೆ, ಹೆಸರು ಜುನಿಪರ್.
ಹೆಗಲ ಮೂಳೆ ಈಗಲೂ ಹಿಮ ಬರುವುದನ್ನು ಹಿಂದಿನ ದಿನವೇ ಹೇಳುತ್ತದೆ.
"ಬೇಡ."

ನೆಟ್ಟಗಿನದು ಚೆನ್ನಾಗಿತ್ತು.
ಉಣ್ಣೆಯ ದರ ಗೊತ್ತಿದ್ದ ವೆಂಡೆಲ್
ಬೆಲೆಯನ್ನು ಮೆಲ್ಲಗೆ ಹೇಳಿದ.
ಅವಳೂ ಮೆಲ್ಲಗೆ ಕೆಳಗಿಟ್ಟಳು.

ಉಳಿದದ್ದು ಕಪ್ಪು. ಬೆರಳಿಟ್ಟಳು.
ಮೊದಲು ಸಲೀಸು, ಎಣ್ಣೆಯೊಳಗೆ ಎಳೆದಂತೆ ಒಂದು ಪುಟ್ಟ ಹಾದಿ.
ಆಮೇಲೆ ಗೋಡೆ.
ಸತ್ತ ಬೆರಳಿಗೂ ತಿಳಿಯುವ ಗೋಡೆ.
ಅಲ್ಲೇ ನಿಂತಳು.

ವೆಂಡೆಲ್ ಏನೋ ಹೇಳುತ್ತಿದ್ದ, ಸ್ಪ್ರಿಂಗು, ಗ್ಯಾರಂಟಿ.
ಅವಳು ಹೋದ ವರ್ಷದ ಮರಿ ಹಾಕುವ ರಾತ್ರಿಯಲ್ಲಿದ್ದಳು:
ಬೇಲಿಯಾಚೆ ಬಾಗಿ ಬಾಗಿ ಬರುವ ಒಂದು ಬೂದು.
ಕಯೋಟಿ. ಇನ್ನೇನು, ಕಯೋಟಿಯೇ,
ಮೂರು ಮರಿ ಎಳೆದೊಯ್ದದ್ದು ಇದೇ,
ಕರಕರ, ಕರಕರ,
ಅಷ್ಟರಲ್ಲಿ ಅದು ತಲೆಯೆತ್ತಿತು. ಕೊರಳಲ್ಲಿ ತಗಡಿನ ಬಿಲ್ಲೆ ಮಿನುಗಿತು.
ಪಕ್ಕದ ಎಚೆವೆರಿ ಮನೆಯವರ ಕುಂಟುನಾಯಿ.

ಆ ಮರಳೇ, ದಿನಾ ಬೈಸಿಕೊಂಡ ಆ ಹಾಳು ಮರಳೇ
ಒಂದು ಉಸಿರಿನಷ್ಟು ಹೊತ್ತು ಕೊಟ್ಟಿತ್ತು.
ಯಾರಿಗೂ ಹೇಳಿಲ್ಲ. ಮರುದಿನ ಮೂಳೆ ಒಯ್ದು ಕೊಟ್ಟಳು;
ನಾಯಿ ಕಾರಣ ಕೇಳಲಿಲ್ಲ.

ಗೋಡೆಯಿಂದ ಬೆರಳು ಸಡಿಲಿಸಿದಳು.
ಕುದುರೆ ಬಂದ ದಾರಿಯಲ್ಲೇ ಮರಳಿತು, ಮುನಿಸಿಲ್ಲದೆ.
ಮತ್ತೆ ಹೋಗಿ ಗೋಡೆ ಮುಟ್ಟಿತು. ಮತ್ತೆ ಬಂತು.

"ಒಂದು ಸಲ ಸಿಡಿಸಿ ನೋಡು ಮಾರಾಯ್ತಿ,
ಅದಕ್ಕೇ ಅಲ್ಲವೆ ಕೊಳ್ಳುವುದು?"
"ನೋಡಿದೆ" ಎಂದಳು.
ಎಡಗೈಯಲ್ಲಿ ನೋಟು ಎಣಿಸಿದಳು, ನಿಧಾನ, ಎರಡು ಸಲ.
ಹಳೆಯದನ್ನು ಅವನು ಕಸದ ಡಬ್ಬಿಯತ್ತ ಒಯ್ಯುವಾಗ
ಕೈ ಚಾಚಿದಳು.
"ಅದನ್ನೂ ಸುತ್ತಿಕೊಡು."